ಬೈಯೋಕಾದ್ರೂ ಒಬ್ರು ಇರ್ಬೇಕಲ್ವಾ

ನಮ್ಮ ಕ್ರಾಸ್ ತಿರುಗೋ ಮೂಲೆಲಿ ಮೋರಿ ಮೇಲಿನ ಚಪ್ಪಡಿ ಮುರಿದು ಏಳು ತಿಂಗಳಾಯ್ತು. ಮೊದ್ಲು ಸಣ್ಣ ಬಿರುಕಿತ್ತು, ಒಂದಿನ ಬೆಳಿಗ್ಗೆ ಹಾಲಿನ ಗಾಡಿಯ ಹಿಂದಿನ ಚಕ್ರ ಹತ್ತಿ ಅರ್ಧ ಒಳಗೆ ಕುಸೀತು, ಉಳಿದರ್ಧ ಕಂಬಿ ಹಲ್ಲು ಕಿರ್ಕೊಂಡು ನಿಂತಿದೆ. ಯಾರೋ ಪುಣ್ಯಾತ್ಮರು ಅದ್ರೊಳಗೆ ಹೊಂಗೆ ಕೊಂಬೆ ಸಿಗಿಸಿ ತುದಿಗೆ ಕೆಂಪು ಪ್ಲಾಸ್ಟಿಕ್ ಕವರ್ ಕಟ್ಟಿದ್ರು, ರಾತ್ರಿ ಗಾಡಿಯವ್ರಿಗೆ ಕಾಣ್ಲಿ ಅಂತ. ಅದು ಒಣಗಿದ್ಮೇಲೆ ಎದುರುಮನೆ ಆಂಟಿ ಹೊಸ ಕೊಂಬೆ ತಂದು ಬದಲಾಯಿಸಿದ್ರು. ಈಗಿರೋದು ಮೂರನೇದು. ಹೀಗೇ ಬಿಟ್ರೆ ಬೇರು ಬಿಟ್ಕೊಂಡು ಮರವೇ ಆಗ್ಬಿಡುತ್ತೆ, ಆಮೇಲೆ ಅದನ್ನ ಕಡಿಯೋಕೆ ಅರಣ್ಯ ಇಲಾಖೆ ಪರ್ಮಿಷನ್ ಬೇಕಾಗುತ್ತೆ ಅಂತ ನಮ್ಮನೆಯವ್ರು ತಮಾಷೆ ಮಾಡ್ತಾರೆ.

ಊರಿನ ಹೆಸ್ರು ಹೇಳಲ್ಲ. ಹೇಳಿದ್ರೆ ಇದನ್ನ ಓದಿ ನಮ್ಮ ಏರಿಯಾ ಜೂನಿಯರ್ ಇಂಜಿನಿಯರ್‌ಗೆ ಬೇಜಾರಾಗುತ್ತೆ, ಪಾಪ ಆ ಹುಡುಗ ಒಬ್ನೇ ನಾಲ್ಕು ವಾರ್ಡ್ ನೋಡ್ಕೊಳ್ತಾನೆ. ನಮ್ಮದೂ ಒಂದು ಮಹಾನಗರಪಾಲಿಕೆ, ಅದರ ಕೌನ್ಸಿಲ್, ಅಂದ್ರೆ ನಾವು ಓಟು ಹಾಕಿ ಗೆಲ್ಸಿದ ಕಾರ್ಪೊರೇಟರ್‌ಗಳ ಸಭೆ, ಅದರ ಅವಧಿ ಮುಗಿದಿದೆ, ಎಲೆಕ್ಷನ್ ಆಗಿಲ್ಲ, ಅವ್ರ ಬದ್ಲು ಸರ್ಕಾರ ಹಾಕಿರೋ ಆಡಳಿತಾಧಿಕಾರಿ ಇದ್ದಾರೆ, ಇಷ್ಟು ಗೊತ್ತಿದ್ರೆ ಸಾಕು. ಕರ್ನಾಟಕದಲ್ಲಿ ಇದು ಯಾವೂರು ಬೇಕಾದ್ರೂ ಆಗ್ಬಹುದು ಅನ್ನೋದೇ ವಿಷ್ಯ. ಬೆಂಗಳೂರಲ್ಲಿ 198 ಕಾರ್ಪೊರೇಟರ್‌ಗಳ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್‌ನಲ್ಲಿ, ಆಮೇಲೆ ವಾರ್ಡ್ 243 ಅಂದ್ರು, ಅದು 225 ಆಯ್ತು, ಕೊನೆಗೆ 2025ರ ಸೆಪ್ಟೆಂಬರ್ ಬರೋ ಹೊತ್ತಿಗೆ ಬಿಬಿಎಂಪಿಯೇ ಇಲ್ಲ, ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತೆ ಐದು ಪಾಲಿಕೆ ಆಗಿತ್ತು, ಆ ಐದು ವರ್ಷ ಪೂರ್ತಿ ಅಷ್ಟು ದೊಡ್ಡ ಊರಿಗೆ ಒಬ್ಬನೇ ಒಬ್ಬ ಕಾರ್ಪೊರೇಟರ್ ಇರ್ಲಿಲ್ಲ. ಮೈಸೂರಿನ ಕೌನ್ಸಿಲ್ 2023ರಲ್ಲಿ ಮುಗೀತು, ಮಂಗಳೂರಿಂದು 2025ರಲ್ಲಿ.

ಸಂವಿಧಾನದ 243ಯು ವಿಧಿ ಕೌನ್ಸಿಲ್‌ಗೆ ಐದು ವರ್ಷ, ಅದು ಮುಗಿಯೋದ್ರೊಳಗೇ ಚುನಾವಣೆ ಆಗ್ಬೇಕು ಅನ್ನುತ್ತೆ. ಸುಪ್ರೀಂ ಕೋರ್ಟೂ 2006ರಲ್ಲಿ ಅಹಮದಾಬಾದ್ ಪಾಲಿಕೆ ಕೇಸಲ್ಲಿ ಅದನ್ನೇ ಹೇಳಿದೆ. ಆದ್ರೆ ವಾರ್ಡ್ ವಿಂಗಡಣೆ, ಅದಾದ್ಮೇಲೆ ಮೀಸಲಾತಿ ಪಟ್ಟಿ, ಅದಕ್ಕೊಂದು ತಕರಾರು, ತಕರಾರಿಗೊಂದು ಕೇಸು. ಶಾಸಕರಿಗೂ ಇದ್ರಿಂದ ಬೇಜಾರೇನಿಲ್ಲ ಅಂತ ನನ್ನ ಅನುಮಾನ, ಕಾರ್ಪೊರೇಟರ್ ಇಲ್ದೇ ಇದ್ರೆ ಎಲ್ಲಾ ಗುದ್ದಲಿ ಪೂಜೆನೂ ಅವ್ರದ್ದೇ ತಾನೆ.

ಸರಿ, ನಮ್ಮ ಕಾರ್ಪೊರೇಟರ್ ವಿಷ್ಯಕ್ಕೆ ಬರ್ತೀನಿ. ಅವ್ರೇನೂ ದೇವರಲ್ಲ, ಮೊದ್ಲೇ ಹೇಳ್ಬಿಡ್ತೀನಿ. ಗೆದ್ದ ಮೊದಲ ವರ್ಷವೇ ಅವ್ರ ಭಾವನ ಮನೆ ಇರೋ ಕ್ರಾಸ್‌ಗೆ ಕಾಂಕ್ರೀಟ್ ರಸ್ತೆ ಬಂತು, ನಮ್ದು ಮೂರನೇ ವರ್ಷಕ್ಕೆ ಬಂತು, ಅದೂ ಡಾಂಬರು. ಆದ್ರೆ ಬೆಳಿಗ್ಗೆ ಆರೂವರೆಗೆ ಸರ್ಕಲ್ ಹತ್ರ ಟೀ ಅಂಗಡಿಲಿ ಅವ್ರು ಸಿಗೋರು. ತಪ್ಪಿಸ್ಕೊಳ್ಳೋಕೆ ಆಗ್ತಿರ್ಲಿಲ್ಲ, ಮನೆ ಅದೇ ಬೀದಿಲಿ, ಹಾಲು ಅದೇ ಅಂಗಡಿಲಿ, ಮಕ್ಕಳು ಅದೇ ಸ್ಕೂಲಲ್ಲಿ. ನೀರು ಬರ್ಲಿಲ್ಲ ಅಂದ್ರೆ ನಾನು ವಾಕಿಂಗ್ ಮುಗಿಸ್ಕೊಂಡು ಹೋಗಿ ಎಲ್ಲರ ಮುಂದೆನೇ ಕೇಳ್ತಿದ್ದೆ, ಅವ್ರು ಟೀ ಲೋಟ ಕೆಳಗಿಟ್ಟು ಅಲ್ಲೇ ವಾಲ್ವ್‌ಮನ್‌ಗೆ ಫೋನ್ ಹಚ್ಚೋರು, "ಏನಪ್ಪಾ, ಮೂರನೇ ಕ್ರಾಸ್‌ಗೆ ಯಾಕೆ ಬಿಟ್ಟಿಲ್ಲ, ಅಕ್ಕ ಇಲ್ಲೇ ನಿಂತವ್ರೆ" ಅನ್ನೋರು. ಆ "ಅಕ್ಕ ಇಲ್ಲೇ ನಿಂತವ್ರೆ" ಅನ್ನೋ ಮಾತಿಗೆ ಎಷ್ಟು ಬೆಲೆ ಇತ್ತು ಅಂತ ನಂಗೆ ಈಗ ಗೊತ್ತಾಗ್ತಿದೆ.

ಅವ್ರ ಅವಧಿಲಿ ನಡೆದಿದ್ದು ಮೈದಾನದ ಗಲಾಟೆ. ನಮ್ಮ ಬಡಾವಣೆಲಿ ಒಂದು ಖಾಲಿ ಜಾಗ ಇದೆ, ಲೇಔಟ್ ಮಾಡೋವಾಗ ಪಾರ್ಕಿಗೆ ಅಂತ ಬಿಟ್ಟಿದ್ದು. ಅಲ್ಲಿ ಹುಡುಗ್ರು ಕ್ರಿಕೆಟ್ ಆಡ್ತಾರೆ, ಗಣಪತಿ ಕೂರಿಸ್ತಾರೆ, ಮಿಕ್ಕ ದಿನ ಹಸು ಕಟ್ಟಿರ್ತಾರೆ. ಅಲ್ಲಿ ಸಮುದಾಯ ಭವನ ಕಟ್ಟಿಸೋಣ ಅಂತ ಒಂದು ಪ್ರಸ್ತಾಪ ಬಂತು. ಇದ್ರಲ್ಲಿ ಪಾಲಿಕೆ ಒಂದು ಕಡೆ ಜನ ಒಂದು ಕಡೆ ಅಂದ್ಕೊಂಡ್ರೆ ತಪ್ಪು, ಹೊಡೆದಾಡಿದ್ದು ನಾವು ನಾವೇ. ರಿಟೈರ್ಡ್ ಮೇಷ್ಟ್ರಿಗೆ ವಾಕಿಂಗ್ ಪಾತ್ ಬೇಕು, ಕಲ್ಲಿನ ಬೆಂಚ್ ಬೇಕು. ಹುಡುಗ್ರಿಗೆ ಪಿಚ್ ಬೇಕು. ಹಿಂದಿನ ಕ್ರಾಸ್‌ನವ್ರಿಗೆ ಭವನನೇ ಬೇಕು, ಯಾಕಂದ್ರೆ ನಾಮಕರಣಕ್ಕೂ ಛತ್ರದವ್ರು ಇಪ್ಪತ್ತೈದು ಸಾವ್ರ ಕೇಳ್ತಾರೆ, ಎಲ್ಲಿಂದ ತರೋದು ಅಂತ ಅವ್ರ ಪ್ರಶ್ನೆ, ಅದು ನ್ಯಾಯವಾದ ಪ್ರಶ್ನೆನೇ. ಮೈದಾನಕ್ಕೆ ಅಂಟ್ಕೊಂಡಿರೋ ಮನೆಯವ್ರಿಗೆ ಏನೂ ಬೇಡ, ಇದ್ದ ಹಾಗೇ ಇರ್ಲಿ, ಯಾಕಂದ್ರೆ ಅವ್ರ ಕಾರು ನಿಲ್ಲೋದು ಅಲ್ಲೇ.

ಕಾರ್ಪೊರೇಟರ್ರು ಒಂದು ಭಾನುವಾರ ಸರ್ಕಾರಿ ಶಾಲೆ ರೂಮಲ್ಲಿ ಎಲ್ಲರನ್ನೂ ಸೇರ್ಸಿದ್ರು. ಎರಡನೇ ಕ್ಲಾಸಿನ ಬೆಂಚುಗಳು, ಮಂಡಿ ಗಲ್ಲಕ್ಕೆ ತಾಗೋ ಹಾಗೆ ಕೂತಿದ್ವಿ, ಬೋರ್ಡ್ ಮೇಲೆ ಇನ್ನೂ ಕಾಗುಣಿತ ಬರೆದಿತ್ತು. ಅರ್ಧ ಗಂಟೆ ಎಲ್ರೂ ಒಟ್ಟಿಗೇ ಮಾತಾಡಿದ್ರು. ಮೇಷ್ಟ್ರು ಎದ್ದು 1985ರ ಉದ್ಯಾನ ಮತ್ತು ಆಟದ ಮೈದಾನಗಳ ಸಂರಕ್ಷಣಾ ಕಾಯ್ದೆ ಅಂತ ಒಂದಿದೆ, ಪಾರ್ಕಿಗೆ ಬಿಟ್ಟ ಜಾಗದಲ್ಲಿ ಬೇರೆ ಕಟ್ಟೋಕೆ ಆಗಲ್ಲ ಅಂದ್ರು, ಕೈಲಿ ಜೆರಾಕ್ಸ್ ಬೇರೆ ಇತ್ತು. ಭವನದ ಕಡೆಯವ್ರು "ಹಂಗಾದ್ರೆ ಹಸು ಕಟ್ಟೋಕೆ ಯಾವ ಕಾಯ್ದೆ ಇದೆ ಮೇಷ್ಟ್ರೇ" ಅಂದ್ರು. ಎಲ್ರೂ ನಕ್ಕಿದ್ದು ಅವಾಗ್ಲೇ, ಆಮೇಲೆ ಸ್ವಲ್ಪ ತಣ್ಣಗಾಯ್ತು. ಕೊನೆಗೆ ಸುತ್ತ ನಡೆಯೋಕೆ ದಾರಿ, ಮಧ್ಯ ಬಯಲು ಹಾಗೇ, ಕಾರು ಹೊರಗೆ ಅಂತ ತೀರ್ಮಾನ ಆಯ್ತು. ಭವನದವ್ರಿಗೆ ಪಕ್ಕದ ವಾರ್ಡಲ್ಲಿ ಪಾಳು ಬಿದ್ದಿದ್ದ ಪಾಲಿಕೆಯ ಹಳೇ ಕಟ್ಟಡ ರಿಪೇರಿ ಮಾಡಿಸಿ ಕೊಡಿಸೋ ಮಾತಾಯ್ತು, ಅದು ಮಾತಲ್ಲೇ ಉಳೀತು. ಅದಕ್ಕೆ ಆ ಕ್ರಾಸ್‌ನವ್ರು ಇವತ್ತಿಗೂ ಮೇಷ್ಟ್ರ ಜೊತೆ ಸರಿಯಾಗಿ ಮಾತಾಡಲ್ಲ.

ಇಂಥಾ ಸಭೆ ನಡೆಸೋಕೆ ಕಾನೂನಿನಲ್ಲೇ ಜಾಗ ಇದೆ, ಅದಕ್ಕೆ ವಾರ್ಡ್ ಸಮಿತಿ ಅಂತ ಹೆಸ್ರು. 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ತಂದು ಪ್ರತಿ ವಾರ್ಡಿಗೂ ಒಂದು ಸಮಿತಿ ಅಂತ ಸೇರ್ಸಿದ್ರು, ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ ಹತ್ತು ಜನ, ಅದ್ರಲ್ಲಿ ಮೂವರು ಮಹಿಳೆಯರು, ಇಬ್ರು ಪರಿಶಿಷ್ಟ ಜಾತಿ ಪಂಗಡದವ್ರು, ಇಬ್ರು ನಿವಾಸಿಗಳ ಸಂಘದವ್ರು. ಬೆಂಗಳೂರಲ್ಲಿ ತಿಂಗಳ ಮೊದಲ ಶನಿವಾರ ಕೂರೋ ಪದ್ಧತಿ ಶುರುವಾಗಿತ್ತು, ಮಂಗಳೂರಲ್ಲಿ ಇದಕ್ಕಾಗಿ ನಾಗರಿಕರು ವರ್ಷಗಟ್ಟಲೆ ಓಡಾಡಿದ್ರು. ನಮ್ಮೂರಲ್ಲಿ ಅದು ಕಾಗದದ ಮೇಲೂ ಆಗ್ಲಿಲ್ಲ, ಕಾರ್ಪೊರೇಟರ್‌ಗಳಿಗೆ ಇಷ್ಟ ಇರ್ಲಿಲ್ಲ ಅನ್ನೋದು ಎಲ್ರಿಗೂ ಗೊತ್ತಿರೋ ಗುಟ್ಟು. ಬಿಲ್ ಪಾಸ್ ಆಗೋ ಮುಂಚೆ ಕಾಮಗಾರಿ ನೋಡ್ತೀವಿ ಅಂತ ಹತ್ತು ಜನ ಬಂದು ಕೂತ್ರೆ ಯಾರಿಗೆ ಇಷ್ಟ ಆಗುತ್ತೆ ಹೇಳಿ. ನಾವು ಶಾಲೆ ರೂಮಲ್ಲಿ ಮಾಡಿದ್ದು ಅದೇ, ಆದ್ರೆ ಹೆಸರಿಲ್ಲ, ನಡಾವಳಿ ಪುಸ್ತಕ ಇಲ್ಲ, ಸೈನ್ ಇಲ್ಲ.

ಆ ಮೈದಾನದ ವಿಷ್ಯ ಕೌನ್ಸಿಲ್ ಮುಂದೆ ಬಂದ ದಿನ ನಾನೂ ಮೇಷ್ಟ್ರೂ ಪಾಸ್ ತಗೊಂಡು ಗ್ಯಾಲರಿಲಿ ಕೂತಿದ್ವಿ. ಹನ್ನೊಂದು ಗಂಟೆ ಸಭೆ, ಕೋರಂ ಆಗಿ ಮೇಯರ್ ಬರೋ ಹೊತ್ತಿಗೆ ಹನ್ನೆರಡು ಹತ್ತು. ಕೆಂಪು ಗೌನು, ಕೊರಳಲ್ಲಿ ದಪ್ಪ ಸರ, ಜೂನ್ ಸೆಕೆಗೆ ಪಾಪ ಬೆವರು ಒರೆಸ್ಕೊಳ್ತಾನೇ ಇದ್ರು. ನಮ್ಮಲ್ಲಿ ಮೇಯರ್ ಕುರ್ಚಿ ಒಂದೇ ವರ್ಷದ್ದು, ಕೆಲ್ಸ ಏನು ಅಂತ ತಿಳ್ಕೊಳ್ಳೋ ಹೊತ್ತಿಗೆ ಬೀಳ್ಕೊಡುಗೆ. ಮೊದ್ಲು ಸಂತಾಪ ಸೂಚನೆ, ಹಿಂದಿನ ಸಭೆ ನಡಾವಳಿ ದೃಢೀಕರಣ, ಅಷ್ಟರಲ್ಲಿ ಒಬ್ರು ಮಹಿಳಾ ಸದಸ್ಯರು ಬ್ಯಾಗಿಂದ ಬಾಟಲಿ ತೆಗೆದು ಸೀದಾ ಹೋಗಿ ಆಯುಕ್ತರ ಮೇಜಿನ ಮೇಲಿಟ್ರು. ಒಳಗೆ ಚಹಾ ಬಣ್ಣದ ನೀರು, ತಳದಲ್ಲಿ ಮರಳು. "ನಮ್ಮ ವಾರ್ಡಿನ ನಲ್ಲಿ ನೀರು ಸಾಹೇಬ್ರೇ, ಒಂದು ಗುಟುಕು ಕುಡೀರಿ, ಆಮೇಲೆ ಸಭೆ ಮುಂದುವರಿಸೋಣ." ಆಯುಕ್ತರು ಬಾಟಲಿ ನೋಡಿದ್ರು, ಅವ್ರನ್ನ ನೋಡಿದ್ರು, ಹಿಂದೆ ಕೂತಿದ್ದ ನೀರಿನ ವಿಭಾಗದ ಇಂಜಿನಿಯರ್ ಕಡೆ ತಿರುಗಿದ್ರು. ಆ ಇಂಜಿನಿಯರ್ ಎದ್ದು ನಿಂತು, ಲೈನು ಹಾಕಿದ್ದು ನೀರು ಸರಬರಾಜು ಮಂಡಳಿ, ನಮಗೆ ಇನ್ನೂ ಹಸ್ತಾಂತರ ಆಗಿಲ್ಲ ಅಂದ್ರು. ಇದೊಂದು ವಾಕ್ಯ ಆವತ್ತು ಬೇರೆ ಬೇರೆ ಬಾಯಲ್ಲಿ ಎಷ್ಟು ಸಲ ಕೇಳಿದ್ನೋ. ಬಡಾವಣೆ ನಗರಾಭಿವೃದ್ಧಿ ಪ್ರಾಧಿಕಾರದ್ದು, ಹಸ್ತಾಂತರ ಆಗಿಲ್ಲ. ಕಂಬ ವಿದ್ಯುತ್ ಕಂಪನಿದು, ದೀಪ ಮಾತ್ರ ನಮ್ದು. ಊರಿನ ಕೆಲ್ಸ ಊರಿನ ಪಾಲಿಕೆ ಕೈಗೇ ಕೊಡ್ಬೇಕು ಅಂತ ಸಂವಿಧಾನಕ್ಕೆ 74ನೇ ತಿದ್ದುಪಡಿ ಬಂದು ಮೂವತ್ತು ವರ್ಷದ ಮೇಲಾಯ್ತು, ಹನ್ನೆರಡನೇ ಅನುಸೂಚಿಲಿ ಹದಿನೆಂಟು ಕೆಲ್ಸ ಪಟ್ಟಿ ಮಾಡಿದಾರೆ, ಮೊದಲನೇದೇ ನಗರ ಯೋಜನೆ. ಕೈಗೆ ಕೊಟ್ಟಿರೋದು ಕಸ, ದೀಪ, ಚರಂಡಿ, ಅದ್ರಲ್ಲೂ ಅರ್ಧ ಹಸ್ತಾಂತರ ಆಗಿಲ್ಲ.

ಆಮೇಲೆ ಒಂದು ಸರ್ಕಲ್‌ಗೆ ಯಾರ ಹೆಸ್ರಿಡೋದು ಅಂತ ಒಂದೂವರೆ ಗಂಟೆ ಜಗಳ, ಸಭಾಂಗಣದ ಬಾವಿಗಿಳಿದು ಧರಣಿ, ಹತ್ತು ನಿಮಿಷ ಮುಂದೂಡಿಕೆ. ಊಟ. ಊಟ ಆದ್ಮೇಲೆ ಅರ್ಧ ಕುರ್ಚಿ ಖಾಲಿ. ನಮ್ಮ ಮೈದಾನ ಬಂದಿದ್ದು ಅವಾಗ, ಕಾರ್ಯದರ್ಶಿ ಒಂದೇ ಉಸಿರಲ್ಲಿ ವಿಷಯ ಸಂಖ್ಯೆ ಓದಿದ್ರು, ನಮ್ಮ ಕಾರ್ಪೊರೇಟರ್ರು ಎದ್ದು "ಸ್ಥಳೀಯರ ಸಭೆ ಮಾಡಿದೀನಿ, ಭವನ ಬೇಡ" ಅಂದ್ರು, ಮೇಯರ್ "ಒಪ್ಪಿದೆ" ಅಂದ್ರು, ಅಷ್ಟೇ. ಒಂದು ನಿಮಿಷವೂ ಆಗ್ಲಿಲ್ಲ. ಮೇಷ್ಟ್ರು ನನ್ನ ಕಡೆ ತಿರುಗಿ "ಆಯ್ತಾ?" ಅಂದ್ರು, ಜೆರಾಕ್ಸ್ ಇನ್ನೂ ಕೈಲೇ ಇತ್ತು.

ಬಸ್ಸಲ್ಲಿ ವಾಪಸ್ ಬರ್ತಾ ನಾನು ಇದೆಂಥಾ ನಾಟಕ ಅಂತ ಬೈಕೊಂಡೇ ಬಂದೆ. ಈಗ ಅನ್ಸೋದು ಬೇರೆ. ಆ ಬಾಟಲಿ ಮೇಜಿನ ಮೇಲೆ ಬಂದಿದ್ದಕ್ಕೆ ಇಂಜಿನಿಯರ್ ಎದ್ದು ನಿಂತು ಉತ್ತರ ಕೊಡ್ಬೇಕಾಯ್ತು, ಪತ್ರಿಕೆಯವ್ರು ಬರ್ಕೊಂಡ್ರು, ಮಾರನೇ ದಿನ ಫೋಟೋ ಬಂತು. ಈಗ ಆ ಬಾಟಲಿ ತಗೊಂಡು ಎಲ್ಲಿಗೆ ಹೋಗೋದು? ಆಡಳಿತಾಧಿಕಾರಿಗಳು ಹಿರಿಯ ಐಎಎಸ್, ಒಳ್ಳೆಯವ್ರು ಅಂತಾನೂ ಕೇಳಿದೀನಿ, ಆದ್ರೆ ಅವ್ರಿಗೆ ಇದು ಹೆಚ್ಚುವರಿ ಹೊಣೆ, ಅವ್ರ ಮನೆ ಮುಂದೆ ಟೀ ಅಂಗಡಿ ಇಲ್ಲ.

ಚಪ್ಪಡಿ ಕಥೆ ಮುಗಿಸ್ತೀನಿ. ಪಾಲಿಕೆ ಆ್ಯಪ್‌ನಲ್ಲಿ ದೂರು ಹಾಕ್ದೆ, ಫೋಟೋ, ಲೊಕೇಶನ್ ಎಲ್ಲಾ. ಹನ್ನೊಂದನೇ ದಿನ ಮೆಸೇಜ್ ಬಂತು, "ನಿಮ್ಮ ದೂರನ್ನು ಪರಿಹರಿಸಲಾಗಿದೆ". ಕೆಳಗೆ ಒಂದು ಫೋಟೋ, ಹೊಚ್ಚ ಹೊಸ ಚಪ್ಪಡಿ, ಪಕ್ಕದಲ್ಲಿ ತೆಂಗಿನಮರ. ನಮ್ಮ ಕ್ರಾಸಲ್ಲಿ ತೆಂಗಿನಮರವೇ ಇಲ್ಲ. ಮತ್ತೆ ಹಾಕ್ದೆ, ಮತ್ತೆ ಅದೇ ತೆಂಗಿನಮರ. ಮೂರನೇ ಸಲ ಮಾಹಿತಿ ಹಕ್ಕಲ್ಲಿ ಹಾಕ್ದೆ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದೇ ವಿಷಯ, 150 ಪದದೊಳಗೆ. ನನ್ನಂಥ ವಟವಟ ಅನ್ನೋಳಿಗೆ 150 ಪದ ಅಂದ್ರೆ ಉಪವಾಸ. ದೂರು ಮುಕ್ತಾಯ ಮಾಡಿದ ಟಿಪ್ಪಣಿಯ ಪ್ರತಿ ಕೊಡಿ ಅಂತಷ್ಟೇ ಕೇಳ್ದೆ. ಇಪ್ಪತ್ತೊಂಬತ್ತನೇ ದಿನ ಉತ್ತರ ಬಂತು, "ಸದರಿ ಮಾಹಿತಿಯು ಈ ಶಾಖೆಯಲ್ಲಿ ಲಭ್ಯವಿರುವುದಿಲ್ಲ". ಕೆಳಗೆ ಸೈನ್, ಸೀಲು, ಎಲ್ಲಾ ನೀಟಾಗಿ. ತೆರಿಗೆ ಮಾತ್ರ ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿ ಐದು ಪರ್ಸೆಂಟ್ ರಿಯಾಯಿತಿ ತಗೊಂಡೆ, ಆ ಶಾಖೆಲಿ ಎಲ್ಲಾ ಮಾಹಿತಿನೂ ಲಭ್ಯ ಇರುತ್ತೆ.

ಮೊನ್ನೆ ಸಂಜೆ ನಾನೂ ಆಂಟಿನೂ ಕೊಂಬೆ ಹತ್ರ ನಿಂತು ಇದನ್ನೇ ಮಾತಾಡ್ತಿದ್ವಿ, ಮಾಜಿ ಕಾರ್ಪೊರೇಟರ್ರು ಸ್ಕೂಟರಲ್ಲಿ ಬಂದ್ರು, ನಿಲ್ಲಿಸಿದ್ರು. ಹಳೇ ಅಭ್ಯಾಸ, ನಾನು ಶುರು ಹಚ್ಕೊಂಡೆ, ಎಷ್ಟು ದಿನ ಆಯ್ತು, ಮಕ್ಕಳು ಓಡಾಡೋ ಜಾಗ, ನಿಮಗಾದ್ರೂ ಒಂದು ಫೋನ್ ಮಾಡೋಕೆ ಆಗಲ್ವಾ ಅಂತ. ಅವ್ರು ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ ಮೊಬೈಲ್ ತೆಗೆದು ತೋರಿಸಿದ್ರು, ಅವ್ರ ಮನೆ ಮುಂದಿನ ಬೀದಿದೀಪ ಕೆಟ್ಟು ಒಂದೂವರೆ ತಿಂಗಳಾಗಿದೆಯಂತೆ.

"ನಂದೂ ಪರಿಹಾರ ಆಗಿದೆ ಅಕ್ಕಾ, ನೋಡಿ, ಫೋಟೋ ಕೂಡ ಹಾಕವ್ರೆ."

ಫೋಟೋದಲ್ಲಿ ದೀಪ ಉರೀತಿತ್ತು. ಹಗಲಲ್ಲಿ ತೆಗೆದಿದ್ದು.