ಮೂನ್ ಕ್ಲಿಪ್ ನೆಟ್ಟಗಿದ್ದರೆ ಅರ್ಧ ಕೆಲಸ ಆದಂತೆ

ರಿವಾಲ್ವರಿನ ತೋಟಾಕ್ಕೆ ಬುಡದಲ್ಲಿ ಹೊರಚಾಚಿದ ಅಂಚಿರುತ್ತದೆ. ತಿರುಗುವ ಸಿಲಿಂಡರಿನ ಚೇಂಬರಿನೊಳಗೆ, ಅಂದರೆ ತೋಟಾ ಕೂರುವ ತೂತಿನೊಳಗೆ, ಅದು ಜಾರಿಹೋಗದಂತೆ ತಡೆಯುವುದು ಆ ಅಂಚು. ಹೊಡೆದಾದ ಮೇಲೆ ಖಾಲಿ ಕೇಸನ್ನು, ಅಂದರೆ ತೋಟಾದ ಲೋಹದ ಕವಚವನ್ನು, ಎತ್ತುವಾಗ ಅದನ್ನು ಹೊರತಳ್ಳುವ ಎಕ್ಸ್‌ಟ್ರಾಕ್ಟರ್ ಹಿಡಿಯುವುದೂ ಅದನ್ನೇ. ಪಿಸ್ತೂಲಿನ ತೋಟಾ ಹಾಗಲ್ಲ. ಮ್ಯಾಗಜೀನಿನಲ್ಲಿ ಒಂದಕ್ಕೊಂದು ಸಿಕ್ಕಿಕೊಳ್ಳದೆ ಕೂರಬೇಕಲ್ಲ, ಅದಕ್ಕೇ ಬುಡ ಕೇಸಿನಷ್ಟೇ ಅಗಲ, ಅದರ ಮೇಲೊಂದು ಗ್ರೂವ್, ಅಂದರೆ ಸುತ್ತಲೂ ಕೊರೆದ ಗೀರು. ಇಂಥ ತೋಟಾವನ್ನು ರಿವಾಲ್ವರಿಗೆ ಹಾಕಿದರೆ ಅದನ್ನು ಹಿಡಿದು ನಿಲ್ಲಿಸುವುದು ಯಾವುದು, ಹೊರಗೆ ತಳ್ಳುವುದು ಯಾವುದು? ಪಿಸ್ತೂಲಿನ ತೋಟಾ ಹೊಡೆಯುವ ರಿವಾಲ್ವರಿನ ಸುಖದುಃಖವೆಲ್ಲ ಈ ಎರಡು ಪ್ರಶ್ನೆಗಳಲ್ಲೇ ಇದೆ. ಉತ್ತರ ಮೂನ್ ಕ್ಲಿಪ್, ಅಂದರೆ ತೋಟಾಗಳನ್ನು ಗ್ರೂವಿನಲ್ಲಿ ಕಚ್ಚಿ ಒಟ್ಟಿಗೆ ಹಿಡಿಯುವ ತೆಳು ತಗಡು.

1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಸೈನ್ಯಕ್ಕೆ ಎಂ1911 ಪಿಸ್ತೂಲುಗಳು ಸಾಲಲಿಲ್ಲ. ಕೋಲ್ಟ್ ಮತ್ತು ಸ್ಮಿತ್ ಅಂಡ್ ವೆಸ್ಸನ್ ಎರಡೂ ತಮ್ಮ ದೊಡ್ಡ ರಿವಾಲ್ವರುಗಳನ್ನು ಆ ಪಿಸ್ತೂಲಿನ .45 ಎಸಿಪಿ ತೋಟಾಕ್ಕೆ ಹೊಂದಿಸಿ ಎಂ1917 ಎಂಬ ಹೆಸರಲ್ಲಿ ಕೊಟ್ಟವು. ಮೂರು ತೋಟಾ ಹಿಡಿಯುವ ಅರ್ಧಚಂದ್ರಾಕಾರದ ಉಕ್ಕಿನ ತಗಡು, ಅಂದರೆ ಹಾಫ್ ಮೂನ್ ಕ್ಲಿಪ್, ಆಗ ಬಳಕೆಗೆ ಬಂತು. ಆರೂ ತೋಟಾ ಹಿಡಿಯುವ ಪೂರ್ತಿ ಚಂದ್ರ ಬಂದದ್ದು ಎಷ್ಟೋ ಕಾಲದ ನಂತರ. ಹಳೆಯ ಎಂ1917 ಕೊಳ್ಳುವವರು ಒಂದು ಮಾತು ನೆನಪಿಡಬೇಕು. ಮೊದಮೊದಲ ಕೋಲ್ಟ್‌ಗಳ ಚೇಂಬರು ಒಳಗೆ ಮೆಟ್ಟಿಲಿಲ್ಲದೆ ನೇರವಾಗಿ ಕೊರೆದದ್ದು. ಕ್ಲಿಪ್ ಇಲ್ಲದೆ ಹಾಕಿದ ತೋಟಾ ಅದರಲ್ಲಿ ಮುಂದಕ್ಕೆ ಜಾರುತ್ತದೆ, ಫೈರಿಂಗ್ ಪಿನ್ ಮುಟ್ಟುವುದೇ ಇಲ್ಲ. ಸ್ಮಿತ್ ಅಂಡ್ ವೆಸ್ಸನ್‌ನಲ್ಲಿ ಮೆಟ್ಟಿಲಿದೆ, ಕೇಸಿನ ಬಾಯಿ ಅದಕ್ಕೆ ತಾಗಿ ನಿಲ್ಲುತ್ತದೆ. ಕ್ಲಿಪ್ ಇಲ್ಲದೆಯೂ ಗುಂಡು ಹಾರೀತು, ಆದರೆ ಖಾಲಿ ಕೇಸುಗಳನ್ನು ಒಂದೊಂದಾಗಿ ಕಡ್ಡಿಯಿಂದ ತಳ್ಳಿ ತೆಗೆಯಬೇಕು. ಈ ತೊಂದರೆ ತಪ್ಪಿಸಲೆಂದೇ 1920ರಲ್ಲಿ ಪೀಟರ್ಸ್ ಕಂಪನಿ ದಪ್ಪ ಅಂಚಿನ .45 ಆಟೋ ರಿಮ್ ತೋಟಾ ತಂದಿತು. ಕ್ಲಿಪ್ಪಿನ ಗೊಡವೆ ಬೇಡವೆನ್ನುವವರಿಗೆ ಇವತ್ತಿಗೂ ಅದು ಒಳ್ಳೆಯ ದಾರಿ.

ಕ್ಲಿಪ್ ಹಾಕಿದಾಗ ತೋಟಾ ಎಷ್ಟು ಆಳಕ್ಕೆ ಕೂರಬೇಕೆಂದು ನಿರ್ಧರಿಸುವುದು ಕೇಸಿನ ಬಾಯಲ್ಲ, ಕ್ಲಿಪ್. ಆದ್ದರಿಂದಲೇ 10 ಎಂಎಂ ರಿವಾಲ್ವರಿನಲ್ಲಿ, ಉದಾಹರಣೆಗೆ ಸ್ಮಿತ್ ಅಂಡ್ ವೆಸ್ಸನ್ 610ರಲ್ಲಿ, ಅದೇ ಕ್ಲಿಪ್ಪಿನಲ್ಲಿ ಗಿಡ್ಡ .40 ತೋಟಾವನ್ನೂ ನಿಶ್ಚಿಂತೆಯಿಂದ ಹೊಡೆಯಬಹುದು. ಇದರ ಇನ್ನೊಂದು ಮುಖವೂ ಇದೆ. ಕ್ಲಿಪ್ ಸೊಟ್ಟಗಿದ್ದರೆ ಬಂದೂಕೇ ಕೆಟ್ಟಂತೆ. ಕೂದಲೆಳೆಯಷ್ಟು ಬಾಗಿದರೂ ಒಂದೆರಡು ಕೇಸಿನ ಬುಡ ಸಿಲಿಂಡರಿನ ಹಿಂದಿರುವ ರಿಕಾಯಿಲ್ ಶೀಲ್ಡ್ ಎಂಬ ಲೋಹದ ಗೋಡೆಗೆ ಉಜ್ಜುತ್ತದೆ. ಸಿಲಿಂಡರು ಒಂದು ಕಡೆ ಸಲೀಸಾಗಿ ತಿರುಗಿ ಇನ್ನೊಂದು ಕಡೆ ಬಿಗಿಯುತ್ತದೆ, ಟ್ರಿಗರ್ ಭಾರವಾಗುತ್ತದೆ. ಜನ ಟೈಮಿಂಗ್, ಅಂದರೆ ಸಿಲಿಂಡರು ಸರಿಯಾದ ಹೊತ್ತಿಗೆ ನಳಿಗೆಯ ನೇರಕ್ಕೆ ಬಂದು ನಿಲ್ಲುವುದು, ಕೆಟ್ಟಿದೆ ಎಂದುಕೊಂಡು ಬಂದೂಕನ್ನು ಗನ್‌ಸ್ಮಿತ್ ಹತ್ತಿರ ಒಯ್ಯುತ್ತಾರೆ. ಮೊದಲು ಕ್ಲಿಪ್ ನೋಡಿ.

ನೋಡುವುದು ಹೀಗೆ. ಖಾಲಿ ಕ್ಲಿಪ್ಪನ್ನು ಕಿಟಕಿ ಗಾಜಿನಂಥ ಸಮತಟ್ಟು ಗಾಜಿನ ಮೇಲಿಟ್ಟು ಉಗುರಿನಿಂದ ಸುತ್ತಲೂ ಒತ್ತುತ್ತ ಹೋಗಿ. ಎಲ್ಲಾದರೂ ಟಿಕ್ಕೆಂದು ಕುಣಿದರೆ ಅದು ಬಾಗಿದೆ. ಆಮೇಲೆ ಪ್ರೈಮರ್ (ಏಟಿಗೆ ಸಿಡಿದು ಮದ್ದಿಗೆ ಕಿಡಿ ಕೊಡುವ ಬುಡದ ಬಿಲ್ಲೆ), ಮದ್ದು ಎರಡೂ ಇಲ್ಲದ ಡಮ್ಮಿ ತೋಟಾ ತುಂಬಿ ಸಿಲಿಂಡರಿಗೆ ಹಾಕಿ ಮುಚ್ಚಿ, ಟ್ರಿಗರನ್ನು ನಿಧಾನವಾಗಿ ಎಳೆಯುತ್ತ ಪೂರ್ತಿ ಒಂದು ಸುತ್ತು ತಿರುಗಿಸಿ. ಪ್ರತಿ ಚೇಂಬರಿಗೂ ಎಳೆತ ಒಂದೇ ಸಮ ಇರಬೇಕು. ಹೊಸ ಕ್ಲಿಪ್ಪುಗಳನ್ನೂ ಹೀಗೆ ಪರೀಕ್ಷಿಸದೆ ಪಂದ್ಯಕ್ಕೆ ಒಯ್ಯಬೇಡಿ. ಬಾಗಿದ್ದನ್ನು ಇಕ್ಕುಳದಿಂದ ನೆಟ್ಟಗೆ ಮಾಡುವ ಆಸೆ ಬೇಡ, ಎಸೆದುಬಿಡಿ.

ಕ್ಲಿಪ್ ಬಾಗುವುದು ಹೆಚ್ಚಾಗಿ ಕೇಸು ಬಿಡಿಸುವಾಗ. ಬೆರಳಲ್ಲಿ ತಿರುಚಿ ಕಿತ್ತರೆ ಬಾಗದೆ ಇನ್ನೇನಾದೀತು? ತುದಿಯಲ್ಲಿ ಕಚ್ಚು ಕೊರೆದ ಕೊಳವೆಯಂಥ ಡಿಮೂನಿಂಗ್ ಟೂಲ್ ಸಿಗುತ್ತದೆ. ಕೇಸಿನ ಮೇಲೆ ಇಳಿಸಿ ತಿರುಗಿಸಿದರೆ ಅದು ಕಳಚಿ ಕೊಳವೆಯೊಳಗೇ ಬೀಳುತ್ತದೆ. ಜೇಬಿಗೆ ಹಾಕಿಕೊಂಡು ಕುಳಿತರೂ ಕ್ಲಿಪ್ ಬಾಗುತ್ತದೆ. ಬೆಲ್ಟಿಗೆ ಸಿಕ್ಕಿಸುವ ಗೂಟದ ಅಥವಾ ಅಯಸ್ಕಾಂತದ ಹಿಡಿಕೆ ಉತ್ತಮ.

ಕೇಸಿನ ಬ್ರ್ಯಾಂಡೂ ಇಲ್ಲಿ ಮುಖ್ಯ. ಪಿಸ್ತೂಲಿಗೆ ಗ್ರೂವ್ ಸ್ವಲ್ಪ ಹೆಚ್ಚುಕಡಿಮೆಯಾದರೆ ಬಾಧಕವಿಲ್ಲ, ಹೀಗಾಗಿ ಒಂದೊಂದು ತಯಾರಕರ ಗ್ರೂವ್ ಒಂದೊಂದು ಅಳತೆ. ಒಂದೇ ಕ್ಲಿಪ್ಪಿನಲ್ಲಿ ಒಂದು ಬ್ರ್ಯಾಂಡ್ ಗಡಗಡ ಅಲ್ಲಾಡುತ್ತದೆ, ಇನ್ನೊಂದು ಸುತ್ತಿಗೆ ಬೇಡುತ್ತದೆ. ಅಲ್ಲಾಡಿದರೆ ಆರು ಮೂಗುಗಳೂ ಆರು ದಿಕ್ಕಿಗೆ ತಿರುಗಿ ರೀಲೋಡ್ ತಡವಾಗುತ್ತದೆ, ಬಿಗಿಯಾದರೆ ಕ್ಲಿಪ್ ಬಾಗುತ್ತದೆ. ಒಂದು ಬ್ರ್ಯಾಂಡ್ ಕೇಸು, ಅದಕ್ಕೆ ಕೂರುವ ಒಂದು ದಪ್ಪದ ಕ್ಲಿಪ್ ಎಂದು ಜೋಡಿ ಮಾಡಿಕೊಂಡು ಅದನ್ನು ಬಿಡದೆ ಇರುವುದೇ ಸರಿ ಎಂದು ನನ್ನ ಖಚಿತ ಅಭಿಪ್ರಾಯ.

ಇಷ್ಟೆಲ್ಲ ತಾಪತ್ರಯ ಯಾಕೆ ಅಂದರೆ, ಸರಿಯಾಗಿ ಜೋಡಿಸಿದ ಕ್ಲಿಪ್ಪಿನಷ್ಟು ಬೇಗ ತುಂಬುವ ರಿವಾಲ್ವರ್ ಬೇರೆ ಇಲ್ಲ. ಗಿಡ್ಡ, ದುಂಡು ಮೂಗಿನ .45 ತೋಟಾಗಳು ಆರೂ ಒಟ್ಟಿಗೆ ಜಾರಿ ಒಳಗೆ ಬೀಳುತ್ತವೆ. ನಳಿಗೆ ಮೇಲೆ ಮಾಡಿ ರಾಡಿಗೊಂದು ಏಟು ಕೊಟ್ಟರೆ ಒಂದೇ ಮುದ್ದೆಯಾಗಿ ಹೊರಬರುತ್ತವೆ. .357ರ ಕೇಸು ಸುಮಾರು 33 ಎಂಎಂ ಉದ್ದ, 9 ಎಂಎಂನದು 19 ಮಾತ್ರ. ಹೀಗಾಗಿ ಗಿಡ್ಡ ನಳಿಗೆಯ ಗಿಡ್ಡ ರಾಡೂ ಪೂರ್ತಿ ಹೊರಹಾಕುತ್ತದೆ. 1999ರಲ್ಲಿ ಅಮೆರಿಕದ ಗುರಿಕಾರ ಜೆರ್ರಿ ಮಿಕುಲೆಕ್ ಸ್ಮಿತ್ ಅಂಡ್ ವೆಸ್ಸನ್ 625ರಿಂದ ಆರು ಹೊಡೆದು, ಮತ್ತೆ ತುಂಬಿ, ಇನ್ನಾರು ಹೊಡೆದು 2.99 ಸೆಕೆಂಡಿನಲ್ಲಿ ಮುಗಿಸಿದ್ದು ಮೂನ್ ಕ್ಲಿಪ್ಪಿನ ಬಲದಿಂದಲೇ. ಗುಂಡಿನ ಮೂಗಿನ ವಿಚಾರದಲ್ಲಿ ರಾಜಿ ಬೇಡ. ಭುಜವಿರುವ, ಚಪ್ಪಟೆ ಮೂಗಿನ ಗುಂಡಾದ ಸೆಮಿ ವಾಡ್‌ಕಟರ್ ಚೇಂಬರಿನ ಬಾಯಿಗೆ ತಗುಲಿ ನಿಲ್ಲುತ್ತದೆ, ದುಂಡು ಮೂಗು ತಾನಾಗಿ ದಾರಿ ಹುಡುಕಿಕೊಳ್ಳುತ್ತದೆ.

ಕೈಯಾರೆ ತೋಟಾ ತುಂಬಿಕೊಳ್ಳುವವರಿಗೆ ದೊಡ್ಡ ಅಪಾಯ ಕ್ರಿಂಪಿನದು, ಅಂದರೆ ಗುಂಡು ಜಾರದಂತೆ ಕೇಸಿನ ಬಾಯನ್ನು ಒತ್ತಿ ಬಿಗಿಮಾಡುವ ಕೆಲಸದ್ದು. ಪಿಸ್ತೂಲಿನ ತೋಟಾಕ್ಕೆ ಹಗುರ ಟೇಪರ್ ಕ್ರಿಂಪ್ ಸಾಕು. ರಿವಾಲ್ವರಿನಲ್ಲಿ ಮೊದಲನೆಯದು ಸಿಡಿದಾಗ ಉಳಿದ ಕೇಸುಗಳನ್ನು ಕ್ಲಿಪ್ ಹಿಂದಕ್ಕೆ ಎಳೆಯುತ್ತದೆ, ಒಳಗಿನ ಗುಂಡು ಇದ್ದಲ್ಲೇ ಇರಲು ನೋಡುತ್ತದೆ. ಹೊಡೆತಕ್ಕೆ ಹೊಡೆತ ಗುಂಡು ಇಷ್ಟಿಷ್ಟೇ ಹೊರಬಂದು ಕೊನೆಗೆ ಸಿಲಿಂಡರಿನ ಮುಂದೆ ಚಾಚಿ ನಳಿಗೆಯ ಬುಡಕ್ಕೆ ತಗುಲುತ್ತದೆ. ಬಂದೂಕು ಅಲ್ಲಿಗೆ ಸ್ತಬ್ಧ. 17 ಔನ್ಸಿನ ಆಸುಪಾಸು ತೂಗುವ ರೂಗರ್ ಎಲ್‌ಸಿಆರ್‌ನಂಥ 9 ಎಂಎಂ ಹಗುರ ರಿವಾಲ್ವರುಗಳಲ್ಲಿ ಅಂಗಡಿಯ ತೋಟಾಕ್ಕೂ ಈ ಗತಿ ಬರಬಹುದು. ಐದು ತೋಟಾ ಹಾಕುವ ಮುನ್ನ ಒಂದಕ್ಕೆ ಗುರುತು ಹಾಕಿ ಕ್ಯಾಲಿಪರಿನಲ್ಲಿ ಉದ್ದ ಅಳೆಯಿರಿ. ನಾಲ್ಕನ್ನು ಹೊಡೆದು ಆ ಐದನೆಯದನ್ನು ತೆಗೆದು ಮತ್ತೆ ಅಳೆಯಿರಿ. ಕಣ್ಣಿಗೆ ಕಾಣುವಷ್ಟು ಬೆಳೆದಿದ್ದರೆ ಆ ತೋಟಾ ಆ ಬಂದೂಕಿಗೆ ಬೇಡ. .45ರಲ್ಲಿ ಕೇಸಿನ ಬಾಯಿ 0.470ರಿಂದ 0.472 ಇಂಚಿನೊಳಗೆ ಇದ್ದರೆ ಸಾಮಾನ್ಯವಾಗಿ ಗುಂಡು ಹಿಡಿದು ಕೂರುತ್ತದೆ.

ಪ್ರೈಮರ್ ಸಿಡಿಯದೆ ಹೋದರೆ ಮೂರು ಕಡೆ ಹುಡುಕಿ. ಪ್ರೈಮರ್ ಪೂರ್ತಿ ಒಳಗೆ ಕೂತಿಲ್ಲದಿದ್ದರೆ ಮೊದಲ ಏಟು ಅದನ್ನು ಕೂರಿಸುವುದರಲ್ಲೇ ಖರ್ಚಾಗುತ್ತದೆ. ಬೆರಳಾಡಿಸಿದರೆ ಅದು ಬುಡಕ್ಕಿಂತ ಚೂರು ಕೆಳಗಿರಬೇಕು. ಎರಡನೆಯದು ಹಿಡಿಯ ಮುಂಭಾಗದಲ್ಲಿರುವ, ಹ್ಯಾಮರಿನ ಸ್ಪ್ರಿಂಗನ್ನು ಬಿಗಿಹಿಡಿಯುವ ಸ್ಟ್ರೇನ್ ಸ್ಕ್ರೂ. ಟ್ರಿಗರ್ ಹಗುರವಾಗಲೆಂದು ಅದನ್ನು ಸಡಿಲಿಸಿದವರು ಬಹಳ. ಪೂರ್ತಿ ಬಿಗಿಮಾಡಿ ನೋಡಿ. ಮೂರನೆಯದು ತೆಳು ಕ್ಲಿಪ್, ತೋಟಾ ಮುಂದಕ್ಕೆ ಸರಿಯಲು ಜಾಗ ಕೊಡುತ್ತದೆ. ಸ್ಪ್ರಿಂಗ್ ಹಗುರ ಮಾಡಿಸಿದ ಪಂದ್ಯದ ಬಂದೂಕುಗಳಿಗೆ ಫೆಡರಲ್ ಪ್ರೈಮರ್ ಹಾಕುವುದು ಅದು ಮೆದು ಎಂಬ ಕಾರಣಕ್ಕೆ. ಏಟು ಬಿದ್ದೂ ಸಿಡಿಯದಿದ್ದರೆ ನಳಿಗೆಯನ್ನು ಗುರಿಯತ್ತಲೇ ಇಟ್ಟು ಅರ್ಧ ನಿಮಿಷ ಕಾದು ಆಮೇಲೆ ಸಿಲಿಂಡರ್ ತೆರೆಯಿರಿ.

ಕ್ಲಿಪ್ ಬೇಡದ ರಿವಾಲ್ವರುಗಳೂ ಇವೆ. ಚಾರ್ಟರ್ ಆರ್ಮ್ಸ್‌ನ ಪಿಟ್‌ಬುಲ್‌ನಲ್ಲಿ ಎಕ್ಸ್‌ಟ್ರಾಕ್ಟರಿನೊಳಗಿನ ಸ್ಪ್ರಿಂಗ್ ಗ್ರೂವನ್ನು ಹಿಡಿಯುತ್ತದೆ. ರೂಗರ್ ಬ್ಲ್ಯಾಕ್‌ಹಾಕ್ ಕನ್ವರ್ಟಿಬಲ್‌ಗೆ .357ರ ಜೊತೆಗೆ 9 ಎಂಎಂನ ಇನ್ನೊಂದು ಸಿಲಿಂಡರ್ ಬರುತ್ತದೆ. ಅದರಲ್ಲಿ ರಾಡು ಒಳಗಿನಿಂದಲೇ ಕೇಸನ್ನು ಒಂದೊಂದಾಗಿ ದಬ್ಬುವುದರಿಂದ ಅಂಚಿನ ಪ್ರಶ್ನೆಯೇ ಬರುವುದಿಲ್ಲ.

ಹಳೆಯ ವೆಬ್ಲಿ ರಿವಾಲ್ವರುಗಳ ವಿಷಯದಲ್ಲಿ ಮಾತ್ರ ಎಚ್ಚರ. ಸಿಲಿಂಡರಿನ ಹಿಂಬದಿ ತರಿದು .45 ಎಸಿಪಿಗೆ ಹೊಂದಿಸಿದ .455 ವೆಬ್ಲಿಗಳು ಅಮೆರಿಕದಲ್ಲಿ ಧಾರಾಳ. .455 ತೋಟಾದ ಒತ್ತಡ ಸುಮಾರು 13,000 ಪಿಎಸ್ಐ (ಚದರ ಇಂಚಿಗೆ ಪೌಂಡ್), .45 ಎಸಿಪಿಯ ಮಿತಿ 21,000. ತೋಟಾ ಕೂರುತ್ತದೆ, ಸಿಡಿಯುತ್ತದೆ, ಒಂದು ದಿನ ಸಿಲಿಂಡರೂ ಸಿಡಿಯಬಹುದು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಎಚ್-1ಬಿಯಂಥ ವಲಸೆಯೇತರ ವೀಸಾದಲ್ಲಿ ಇರುವವರು ಬಂದೂಕಾಗಲಿ ತೋಟಾವಾಗಲಿ ಇಟ್ಟುಕೊಳ್ಳುವಂತಿಲ್ಲ ಎಂದು ಫೆಡರಲ್ ಕಾನೂನೇ ಹೇಳುತ್ತದೆ. ಬೇಟೆಯ ಲೈಸೆನ್ಸ್ ಇದ್ದವರಂಥ ಕೆಲವರಿಗೆ ಮಾತ್ರ ವಿನಾಯಿತಿ. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆ ಇಲ್ಲ.

ನಮ್ಮಲ್ಲಿ, ಭಾರತದಲ್ಲಿ, 9 ಎಂಎಂ ನಿಷೇಧಿತ ಬೋರ್ (ನಳಿಗೆಯ ಅಳತೆ), ಸಾಮಾನ್ಯ ಲೈಸೆನ್ಸಿಗೆ ಸಿಗದು. ಆದರೆ ಪಿಸ್ತೂಲಿನ ತೋಟಾ ರಿವಾಲ್ವರಿಗೆ ಹೋಗುವ ಗೊಂದಲ ಇಲ್ಲೂ ಇನ್ನೊಂದು ರೂಪದಲ್ಲಿದೆ. ಕಾನ್ಪುರದ .32 ರಿವಾಲ್ವರ್ ಹೊಡೆಯುವುದು ಅಂಚಿರುವ .32 ಸ್ಮಿತ್ ಅಂಡ್ ವೆಸ್ಸನ್ ಲಾಂಗ್, .32 ಪಿಸ್ತೂಲಿನದು .32 ಎಸಿಪಿ. ಎರಡನ್ನೂ ಜನ ಬರೀ ‘ಪಾಯಿಂಟ್ ಮೂವತ್ತೆರಡು’ ಅನ್ನುತ್ತಾರೆ. ಎಸಿಪಿಗೆ ಬುಡದಲ್ಲಿ ಕಿರಿದಾದ ಅಂಚು ಇರುವುದರಿಂದ ಅದು ಆ ಅಳತೆಯ ರಿವಾಲ್ವರಿನ ಚೇಂಬರಿನಲ್ಲಿ ಕೂತೂಬಿಡುತ್ತದೆ. ಲಾಂಗ್‌ನ ಒತ್ತಡದ ಮಿತಿ 15,000 ಪಿಎಸ್ಐ, ಎಸಿಪಿಯದು 20,500. ತೋಟಾ ಕೊಳ್ಳುವಾಗ ಪೆಟ್ಟಿಗೆಯ ಮೇಲಿನದನ್ನಷ್ಟೇ ಅಲ್ಲ, ಪ್ರತಿ ಕೇಸಿನ ಬುಡದಲ್ಲಿ ಒತ್ತಿದ ಅಕ್ಷರವನ್ನೂ ಓದಿ.