ಹವಾಮಾನ ಯೋಜನೆ: ಮೊದಲು ಬಜೆಟ್ ತೆರೆದು ನೋಡಿ

ಯಾವುದೇ ನಗರಾಡಳಿತದ ಹವಾಮಾನ ಕ್ರಿಯಾಯೋಜನೆ ಕೈಗೆ ಸಿಕ್ಕರೆ, ಅದರ ಗುರಿಯ ವರ್ಷಕ್ಕಿಂತ ಮೊದಲು ಆ ಸಾಲಿನ ಬಜೆಟ್ ನೋಡಬೇಕು. ಹಣ ತೆಗೆದಿಡದ ಕೆಲಸ ಮುದ್ರಿತ ಪುಟ ದಾಟಿ ಬರುವುದಿಲ್ಲ.

ಕೆಲಸ ಶುರುವಾಗುವುದು ಭೂಮಿಯನ್ನು ಬಿಸಿ ಮಾಡುವ ಅನಿಲಗಳ ಹೊರಸೂಸುವಿಕೆಯ ಲೆಕ್ಕದಿಂದ. ನಗರಗಳು ಈ ಲೆಕ್ಕ ಹಾಕಲೆಂದು 2014ರಲ್ಲಿ ಬಂದ ಜಿಪಿಸಿ ಎಂಬ ಜಾಗತಿಕ ಮಾನದಂಡದಲ್ಲಿ ಮೂರು ವ್ಯಾಪ್ತಿಗಳಿವೆ: ಗಡಿಯೊಳಗೆ ಉರಿದ ಇಂಧನದಂಥವು, ಗ್ರಿಡ್‌ನಿಂದ ಬಂದ ವಿದ್ಯುತ್ತು, ನಗರದ ಚಟುವಟಿಕೆಯಿಂದ ಗಡಿಯಾಚೆ ಆಗುವ ಹೊರಸೂಸುವಿಕೆ. ಮೂರನೆಯದರಲ್ಲೇ ಹೆಚ್ಚಾಗಿ ಎಡವುವುದು. ಕಸ ಸುರಿಯುವ ಜಾಗ ಪಕ್ಕದ ಆಡಳಿತಕ್ಕೆ ಸೇರಿದ್ದರೆ ಲೆಕ್ಕದಿಂದಲೇ ಜಾರಿಹೋಗುತ್ತದೆ. ಅಲ್ಲಿ ಏಳುವ ಮೀಥೇನ್ ನೂರು ವರ್ಷಗಳ ಅವಧಿಯಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಶಾಖ ಹಿಡಿದಿಡುತ್ತದೆ!

ಆಮೇಲೆ ಪ್ರತಿ ಕೆಲಸದಿಂದ ಎಷ್ಟು ಟನ್ ಹೊರಸೂಸುವಿಕೆ ತಗ್ಗುತ್ತದೆ ಎಂದು ಲೆಕ್ಕ ಕಟ್ಟಬೇಕು. 150 ವಾಟ್‌ನ 10,000 ಬೀದಿದೀಪ ತೆಗೆದು 60 ವಾಟ್‌ನ ಎಲ್‌ಇಡಿ ಹಾಕಿದರೆ, ದಿನಕ್ಕೆ 11 ಗಂಟೆ ಉರಿದರೂ ವರ್ಷಕ್ಕೆ ಸುಮಾರು 36 ಲಕ್ಷ ಯೂನಿಟ್ ಉಳಿಯುತ್ತದೆ. ಗ್ರಿಡ್‌ನ ಒಂದು ಯೂನಿಟ್ಟಿಗೆ 0.7 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ ಸುಮಾರು 2,500 ಟನ್. ಈ 0.7ರ ಗುಣಾಂಕವನ್ನು ವರ್ಷವರ್ಷವೂ ಪರಿಷ್ಕರಿಸದಿದ್ದರೆ, ಗ್ರಿಡ್ ತಾನಾಗಿಯೇ ಸ್ವಚ್ಛವಾದದ್ದೂ ನಗರದ ಸಾಧನೆಯ ಖಾತೆಗೆ ಬೀಳುತ್ತದೆ.

ನಾರ್ವೆಯ ರಾಜಧಾನಿ ಓಸ್ಲೋ 2017ರ ಬಜೆಟ್‌ನಿಂದ ಮಾಡುತ್ತಿರುವುದು ನನಗೆ ಅತ್ಯಂತ ಮುಖ್ಯ ಅನಿಸುತ್ತದೆ. ಹಣದ ಬಜೆಟ್ಟಿನೊಳಗೇ ಹವಾಮಾನ ಬಜೆಟ್ ಇದೆ. ಯಾವ ಕೆಲಸ, ಯಾವ ಇಲಾಖೆಯ ಹೊಣೆ ಎಂಬುದು ಅಲ್ಲೇ ನಮೂದಾಗುತ್ತದೆ. ಪರಿಸರ ವಿಭಾಗದ ಮೂಲೆಯ ಇಬ್ಬರು ಅಧಿಕಾರಿಗಳು ಬಸ್ಸು, ಕಟ್ಟಡ, ಚರಂಡಿ ಇಲಾಖೆಗಳಿಗೆ ಪತ್ರ ಬರೆಯುತ್ತ ಕೂರುವ ವ್ಯವಸ್ಥೆಯಲ್ಲಿ ಇದು ಆಗದು. ಹಣಕಾಸು ವಿಭಾಗ ಕೇಳಿದರೆ ಇಲಾಖೆಗಳು ಉತ್ತರ ಕೊಡುತ್ತವೆ.

ನಗರಾಡಳಿತದ ಅಧಿಕಾರದ ಮಿತಿಯನ್ನೂ ಮೊದಲೇ ಅಳೆಯಬೇಕು. ಕೋಪನ್‌ಹೇಗನ್ 2025ಕ್ಕೆ ಇಟ್ಟುಕೊಂಡಿದ್ದ ಇಂಗಾಲ ತಟಸ್ಥತೆಯ (ಹೊರಬಿಟ್ಟಷ್ಟನ್ನೂ ಸರಿದೂಗಿಸಿ ನಿವ್ವಳ ಸೊನ್ನೆ ಮಾಡುವ) ಗುರಿಯನ್ನು 2022ರಲ್ಲೇ ಕೈಬಿಟ್ಟಿತು; ಕಸ ಸುಡುವ ಸ್ಥಾವರದ ಇಂಗಾಲ ಹಿಡಿಯುವ ಘಟಕಕ್ಕೆ ಡೆನ್ಮಾರ್ಕ್ ಸರ್ಕಾರದ ನಿಧಿ ಸಿಗಲಿಲ್ಲ. ನ್ಯೂಯಾರ್ಕ್ ತನ್ನ ಕೈಯಲ್ಲೇ ಇದ್ದ ಕಟ್ಟಡ ನಿಯಂತ್ರಣದ ಅಧಿಕಾರ ಬಳಸಿತು. 2019ರ ಸ್ಥಳೀಯ ಕಾನೂನು 97ರಡಿ, 25,000 ಚದರಡಿ ಮೀರಿದ ಬಹುತೇಕ ಕಟ್ಟಡಗಳ ಹೊರಸೂಸುವಿಕೆಗೆ 2024ರಿಂದ ಮಿತಿ ಇದೆ. ಮೀರಿದ ಪ್ರತಿ ಟನ್ನಿಗೆ 268 ಡಾಲರ್‌ವರೆಗೆ ದಂಡ.

ನಿರ್ವಹಣೆಯ ಹಣವಂತೂ ಎಲ್ಲೆಡೆ ಮರೆತುಹೋಗುತ್ತದೆ. ಸಸಿ ನೆಡುವ ಟೆಂಡರಿನಲ್ಲೇ ಕನಿಷ್ಠ ಎರಡು–ಮೂರು ಬೇಸಿಗೆಯ ನೀರಿನ ವೆಚ್ಚ ಸೇರಿಸಿ, ಗುತ್ತಿಗೆದಾರರ ಕೊನೆಯ ಕಂತನ್ನು ನೆಟ್ಟ ಸಸಿಗಳ ಬದಲು ಬದುಕುಳಿದ ಸಸಿಗಳ ಎಣಿಕೆಗೆ ಕಟ್ಟಬೇಕು.