ಫ್ಲ್ಯಾಶ್ ಆರಿಸಿದ ಸಂಜೆ

ಮಕ್ಕಳು ದೆವ್ವ, ಮಾಟಗಾತಿಯ ವೇಷ ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಕೇಳುವ ಹ್ಯಾಲೋವೀನ್ ಹಬ್ಬದ ಹೋದ ವರ್ಷದ ಚಿತ್ರಗಳಲ್ಲಿ ನನ್ನ ಮಗಳಿಗೆ ಮುಖವೇ ಇರಲಿಲ್ಲ. ಕತ್ತಲಲ್ಲಿ ಕಾರಿನವರಿಗೆ ಕಾಣಲೆಂದು ಅವಳ ಮಾಟಗಾತಿ ನಿಲುವಂಗಿಗೆ ನಾನೇ ಅಂಟಿಸಿದ್ದ ಹೊಳೆಯುವ ಪಟ್ಟಿ, ಫ್ಲ್ಯಾಶ್ ಬಿದ್ದೊಡನೆ ಟ್ಯೂಬ್‌ಲೈಟಿನಂತೆ ಉರಿದಿತ್ತು. ಮುಖವಂತೂ ಸುಣ್ಣ ಬಳಿದ ಗೋಡೆ. ಬಾಗಿಲ ಮುಂದಿನ ಕುಂಬಳಕಾಯಿಯೊಳಗೆ ದೀಪವಿತ್ತು ಎಂದರೆ ಯಾರೂ ನಂಬುವಂತಿರಲಿಲ್ಲ.

ಈ ಸಲ ಅಮೆರಿಕದ ಎಡಿಸನ್‌ನ ನಮ್ಮ ಮನೆಗೆ ಹಾಸನದಿಂದ ಅಮ್ಮ ಬಂದಿದ್ದರು. ಅಕ್ಟೋಬರ್ 31ರ ಮಧ್ಯಾಹ್ನ ನಾನು ಕುಂಬಳಕ್ಕೆ ಕಣ್ಣು, ಹಲ್ಲು ಕೊರೆಯುತ್ತಿದ್ದರೆ ಅವರು ತಿರುಳಿನಿಂದ ಬೀಜ ಬಿಡಿಸುತ್ತಿದ್ದರು. "ಆಯುಧಪೂಜೆಗೆ ನಾವು ಬೂದುಗುಂಬಳಕ್ಕೆ ಕುಂಕುಮ ತುಂಬಿ ಒಡೆಯುತ್ತೇವೆ. ಇವರು ದೀಪ ಇಡುತ್ತಾರೆ. ಎಲ್ಲ ದೃಷ್ಟಿಗೇ ತಾನೇ?" ಹೆಚ್ಚುಕಡಿಮೆ ಹಾಗೆಯೇ ಎಂದೆ. ಐರ್ಲೆಂಡಿನಲ್ಲಿ ಟರ್ನಿಪ್ ಗೆಡ್ಡೆ ಕೊರೆಯುತ್ತಿದ್ದವರಿಗೆ ಅಮೆರಿಕಕ್ಕೆ ಬಂದ ಮೇಲೆ ಕುಂಬಳ ಸಿಕ್ಕಿತು ಎಂದೂ ಹೇಳಿದೆ. ಅಮ್ಮ ತಿರುಳು ಹಿಂಡಿ ನೋಡಿ, "ಬರೀ ನೀರು ಕಣೋ, ಪಲ್ಯಕ್ಕೆ ಬರುವುದಿಲ್ಲ" ಎಂದು ತೀರ್ಪು ಕೊಟ್ಟರು.

ಒಂದರ ಬದಲು ಎರಡು ಮೇಣದ ದೀಪ ಇಟ್ಟು, ಹೊಗೆ ಹೋಗಲು ಹಿಂಬದಿಗೆ ಒಂದು ತೂತು ಮಾಡಿದೆ. ಆರು ಗಂಟೆಗೆ ಸ್ವಲ್ಪ ಮೊದಲೇ ಇಲ್ಲಿ ಸೂರ್ಯ ಮುಳುಗುತ್ತಾನೆ. ಪೂರಾ ಕತ್ತಲಾಗಲಿ ಎಂದು ಕಾದಿದ್ದೇ ಹಿಂದಿನ ವರ್ಷ ನಾನು ಮಾಡಿದ ತಪ್ಪು. ಮುಳುಗಿ ಸುಮಾರು ಇಪ್ಪತ್ತು ನಿಮಿಷಕ್ಕೆ ಆಕಾಶ ಗಾಢ ನೀಲಿಯಾಗಿರುತ್ತದೆ, ದೀಪವೂ ಅದಕ್ಕೆ ಸರಿಸಮ ಬೆಳಗುತ್ತದೆ. ದೀಪಾವಳಿಯ ಹಣತೆಗೂ ಇದೇ ಲೆಕ್ಕ.

"ಅಪ್ಪ, ಬೇಗ! ಎಲ್ಲರ ಮನೆಯಲ್ಲೂ ಚಾಕೊಲೇಟ್ ಮುಗಿದುಹೋಗುತ್ತದೆ" ಎಂದು ಮಗಳು ಕುಣಿಯುತ್ತಿದ್ದಳು. ನಿಲ್ಲು ಎಂದರೆ ನಿಲ್ಲುವ ಮಗುವಲ್ಲ. ಹೆಚ್ಚು ಬೆಳಕು ಒಳಬರಲೆಂದು 50 ಎಂಎಂ ಲೆನ್ಸನ್ನು ಎಫ್ 1.8ಕ್ಕೆ ಅಗಲವಾಗಿ ತೆರೆದು, ಬೆಳಕನ್ನು ಗ್ರಹಿಸುವ ಸೂಕ್ಷ್ಮತೆಯ ಅಳತೆಯಾದ ಐಎಸ್ಒವನ್ನು 1600ಕ್ಕೆ ಏರಿಸಿ, ಶಟರ್‌ಗೆ ಸೆಕೆಂಡಿನ ಅರುವತ್ತನೇ ಒಂದು ಭಾಗದ ವೇಗ ಇಟ್ಟೆ. ಕಪ್ಪು ಬಟ್ಟೆ ಕಂಡರೆ ಕ್ಯಾಮೆರಾ ತಾನಾಗಿಯೇ ಬೆಳಕು ಹೆಚ್ಚಿಸಿ ಅದನ್ನು ಬೂದು ಮಾಡುತ್ತದೆ, ಹಾಗಾಗಿ ಅದರ ಮಾತು ಕೇಳಲಿಲ್ಲ. ತಣ್ಣನೆಯ ನೆಲದ ಮೇಲೆ ಹೊಟ್ಟೆಯಡಿಯಾಗಿ ಮಲಗಿ, ಕುಂಬಳದ ಮುಚ್ಚಳ ತೆಗೆಸಿ, "ಒಳಗೆ ಯಾರಿದ್ದಾರೆ ನೋಡು" ಎಂದೆ. ಬಗ್ಗಿದಳು. ಕಿತ್ತಳೆ ಬೆಳಕು ಗದ್ದದಿಂದ ಮೇಲೇರಿತು. ಬಿದ್ದುಹೋದ ಮುಂದಿನ ಹಲ್ಲಿನ ಜಾಗ ಕೂಡ ಕಾಣುತ್ತಿತ್ತು. ಎರಡು ಕ್ಷಣ ಉಸಿರು ಬಿಗಿಹಿಡಿದಳು, ನಾನೂ.

ಬೀದಿ ಸುತ್ತಿ ಬಂದದ್ದರಲ್ಲಿ ಹೇಳುವಂಥದ್ದೇನಿಲ್ಲ. ಮರಳಿ ಬರುವಾಗ ನಮ್ಮ ಬಾಗಿಲಲ್ಲಿ ಅಮ್ಮ ಸೀರೆಯ ಮೇಲೆ ಸ್ವೆಟರ್ ತೊಟ್ಟು, ಮೊರದಲ್ಲಿ ಚಾಕೊಲೇಟ್ ಹಿಡಿದು ನಿಂತಿದ್ದರು. ಎದುರಿಗೆ ಒಂದು ಪುಟ್ಟ ಅಸ್ಥಿಪಂಜರ. ವೇಗ ಬದಲಿಸಲು ಸಮಯವಿಲ್ಲದೆ ಹಾಗೆಯೇ ಒತ್ತಿದೆ. ಅಸ್ಥಿಪಂಜರ ಬರೀ ಮಸುಕು, ಅಮ್ಮ ಮಾತ್ರ ಸ್ಪಷ್ಟ. ತೋರಿಸಿದೆ.

"ಸೆರಗು ಸರಿಯಿಲ್ಲ, ಇನ್ನೊಂದು ತೆಗೆ" ಎಂದರು. ಅಷ್ಟರಲ್ಲಿ ಅಸ್ಥಿಪಂಜರ ಪಕ್ಕದ ಮನೆಯ ಗಂಟೆ ಒತ್ತುತ್ತಿತ್ತು.